‘ಹಿಸ್ ಗರ್ಲ್ ಫ್ರೈಡೇ’ ಸಿನಿಮಾ: ಪದೇ ಪದೇ ಕೇಳುವ ಪ್ರಶ್ನೆಗಳು

ನಾಟಕವೊಂದರಿಂದ ಬಂದ, ‘ಸ್ಕ್ರೂಬಾಲ್ ಕಾಮಿಡಿ’ ಅಂತ ಕರೆಯುವ 1940ರ ಈ ಕಪ್ಪು ಬಿಳುಪು ಹಾಲಿವುಡ್ ಸಿನಿಮಾವನ್ನು ಕಂಡಕಂಡವರಿಗೆಲ್ಲ ನೋಡಿ ನೋಡಿ ಅಂತ ಹೇಳುವ ಚಟ ನನಗೆ. ನೋಡಿದವರು ವಾಪಸ್ ಬಂದು ಹೆಚ್ಚುಕಡಿಮೆ ಅವೇ ಪ್ರಶ್ನೆ ಕೇಳುತ್ತಾರೆ. ಅರ್ಧಕ್ಕೆ ಬಿಟ್ಟವರ ಪ್ರಶ್ನೆ ಬೇರೆ, ಎರಡು ಸಲ ನೋಡಿದವರ ಪ್ರಶ್ನೆ ಬೇರೆ. ಒಬ್ಬೊಬ್ಬರಿಗೂ ಮೆಸೇಜಿನಲ್ಲಿ ಟೈಪ್ ಮಾಡಿ ಮಾಡಿ ಸಾಕಾಗಿ ಎಲ್ಲವನ್ನೂ ಇಲ್ಲಿ ಹಾಕಿದ್ದೇನೆ. ಕಥೆಯ ಗುಟ್ಟೆಲ್ಲ ಬಿಚ್ಚಿದ್ದೇನೆ, ಆಮೇಲೆ ಬೈಯಬೇಡಿ.

ಮೊದಲು ಕಥೆ ಏನು ಅಂತ ಚುಟುಕಾಗಿ ಹೇಳಿ

ವಾಲ್ಟರ್ ಬರ್ನ್ಸ್ ಒಂದು ಪತ್ರಿಕೆಯ ಸಂಪಾದಕ. ಹಿಲ್ಡಿ ಜಾನ್ಸನ್ ಅವನ ಪತ್ರಿಕೆಯ ಜಾಣ ವರದಿಗಾರ್ತಿ ಆಗಿದ್ದವಳು, ಅವನ ಹೆಂಡತಿಯೂ ಆಗಿದ್ದವಳು. ಈಗ ಎರಡೂ ಅಲ್ಲ. ನಾಳೆ ಬ್ರೂಸ್ ಬಾಲ್ಡ್‌ವಿನ್ ಅನ್ನುವ ಇನ್ಶೂರೆನ್ಸ್ ಏಜೆಂಟನ್ನು ಮದುವೆಯಾಗಿ ಆಲ್ಬನಿ ಅನ್ನುವ ಊರಲ್ಲಿ ಅತ್ತೆಯ ಜೊತೆ ಸಂಸಾರ ಹೂಡುತ್ತೇನೆ, ಇವತ್ತೇ ರೈಲು ಹತ್ತುತ್ತೇನೆ ಅಂತ ಹಳೇ ಗಂಡನಿಗೆ ಹೇಳಿ ಹೋಗೋಕೆ ಆಫೀಸಿಗೆ ಬರುತ್ತಾಳೆ. ಅದೇ ಊರಲ್ಲಿ ಮರುದಿನ ಬೆಳಿಗ್ಗೆ ಅರ್ಲ್ ವಿಲಿಯಮ್ಸ್ ಅನ್ನುವ ಬಡಪಾಯಿಗೆ ಗಲ್ಲು. ಪೊಲೀಸಿನವನೊಬ್ಬನನ್ನು ಕೊಂದ ಆರೋಪ. ‘ಈ ಒಂದು ಸಂದರ್ಶನ ಬರೆದುಕೊಟ್ಟು ಹೋಗು ಮಾರಾಯ್ತಿ’ ಅಂತ ವಾಲ್ಟರ್ ಗೋಗರೆಯುತ್ತಾನೆ. ಅಲ್ಲಿಗೆ ಮುಗಿಯಿತು. ಕೈದಿ ಜೈಲಿಂದ ತಪ್ಪಿಸಿಕೊಳ್ಳುತ್ತಾನೆ, ಸೀದಾ ಪತ್ರಕರ್ತರ ಕೋಣೆಗೇ ಬಂದು ಬೀಳುತ್ತಾನೆ, ಹಿಲ್ಡಿ ಅವನನ್ನು ಮೇಜಿನೊಳಗೆ ಬಚ್ಚಿಡುತ್ತಾಳೆ. ಬ್ರೂಸ್ ಮಾತ್ರ ಒಂದೇ ದಿನದಲ್ಲಿ ಮೂರು ಸಲ ಪೊಲೀಸ್ ಲಾಕಪ್ ಕಾಣುತ್ತಾನೆ.

ಸ್ಕ್ರೂಬಾಲ್ ಕಾಮಿಡಿ ಅಂದ್ರೆ ಏನು? ತಲೆಕೆಟ್ಟ ಕಾಮಿಡಿನಾ?

ಹೆಚ್ಚುಕಡಿಮೆ ಹಾಗೇನೇ. ಪದ ಬಂದದ್ದು ಬೇಸ್‌ಬಾಲಿನಿಂದ. ಸ್ಕ್ರೂಬಾಲ್ ಅಂದರೆ ತಿರುಗಬೇಕಾದ ಕಡೆಗೆ ತಿರುಗದೆ ಉಲ್ಟಾ ತಿರುಗುವ ಎಸೆತ. ನಮ್ಮ ಕ್ರಿಕೆಟಿನ ಗೂಗ್ಲಿ ನೆನೆಸಿಕೊಳ್ಳಿ, ಸರಿಹೋಗುತ್ತದೆ. 1930ರ ದಶಕದಲ್ಲಿ ಅಮೆರಿಕದ ಆಡುಮಾತಿನಲ್ಲಿ ತಿಕ್ಕಲು ಮನುಷ್ಯನಿಗೂ ಅದೇ ಪದ ಬಳಸುತ್ತಿದ್ದರು.

ಸಿನಿಮಾದಲ್ಲಿ ಇದರ ಲೆಕ್ಕ ಇಷ್ಟೇ: ಒಬ್ಬ ಗಂಡಸು, ಒಬ್ಬಳು ಹೆಂಗಸು, ಇಬ್ಬರೂ ಒಬ್ಬರಿಗಿಂತ ಒಬ್ಬರು ಚುರುಕು, ಇಬ್ಬರಿಗೂ ಪ್ರೀತಿ ಇದೆ, ಆದರೆ ಜಗಳ ಬಿಟ್ಟು ಬೇರೆ ಭಾಷೆ ಬರೋದಿಲ್ಲ. 1934ರಿಂದ ಹಾಲಿವುಡ್ಡಿನಲ್ಲಿ ಸೆನ್ಸಾರ್ ನಿಯಮಾವಳಿ ಬಿಗಿಯಾಯಿತು. ಮುತ್ತು, ಹಾಸಿಗೆ ಎಲ್ಲದಕ್ಕೂ ಕತ್ತರಿ. ಹಾಗಾಗಿ ಬರೆಯುವವರು ಆ ಬಿಸಿಯನ್ನೆಲ್ಲ ಮಾತಿಗೆ ತುಂಬಿದರು. ಈ ಸಿನಿಮಾದ ಆರಂಭದಲ್ಲೇ ಹಿಲ್ಡಿ ತನ್ನ ಪರ್ಸ್ ತೆಗೆದು ವಾಲ್ಟರ್ ತಲೆಗೆ ಗುರಿಯಿಟ್ಟು ಎಸೆಯುತ್ತಾಳೆ. ಅವನು ತಗ್ಗಿ ತಪ್ಪಿಸಿಕೊಂಡು, ಮೊದಲೆಲ್ಲ ಇದಕ್ಕಿಂತ ಚೆನ್ನಾಗಿ ಎಸೆಯುತ್ತಿದ್ದೆಯಲ್ಲ ಅಂತಾನೆ. ಆ ಒಂದು ಮಾತಿನಲ್ಲಿ ಅವರ ಸಂಸಾರ ಹೇಗಿತ್ತು ಅಂತ ಪೂರ್ತಿ ಗೊತ್ತಾಗಿಬಿಡುತ್ತದೆ.

ಮೂಲ ನಾಟಕ ಯಾವುದು?

‘ದಿ ಫ್ರಂಟ್ ಪೇಜ್’. ಬರೆದವರು ಬೆನ್ ಹೆಕ್ಟ್ ಮತ್ತು ಚಾರ್ಲ್ಸ್ ಮ್ಯಾಕಾರ್ಥರ್, ಇಬ್ಬರೂ ಶಿಕಾಗೋದಲ್ಲಿ ಪತ್ರಿಕಾ ವರದಿಗಾರರಾಗಿ ಬೀದಿ ಸುತ್ತಿದವರು. 1928ರ ಆಗಸ್ಟಿನಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಶುರುವಾಯಿತು. ನಿರ್ದೇಶನ ಜಾರ್ಜ್ ಎಸ್. ಕಾಫ್‌ಮನ್. 276 ಪ್ರದರ್ಶನ ಕಂಡಿತು.

ನಾಟಕ ಪೂರ್ತಿ ಒಂದೇ ಕೋಣೆಯಲ್ಲಿ ನಡೆಯುತ್ತದೆ. ಶಿಕಾಗೋದ ಕ್ರಿಮಿನಲ್ ಕೋರ್ಟ್ ಕಟ್ಟಡದಲ್ಲಿ ಪತ್ರಕರ್ತರು ಕೂರುವ ಕೊಳಕು ಕೋಣೆ ಅದು. ಫೋನು, ಇಸ್ಪೀಟು, ಸಿಗರೇಟು, ಕಿಟಕಿಯಾಚೆ ಗಲ್ಲುಗಂಬ ಕಟ್ಟುವ ಸದ್ದು. ಪಾತ್ರಗಳನ್ನು ಗಾಳಿಯಿಂದ ತಂದದ್ದಲ್ಲ. ಹಿಲ್ಡಿ ಜಾನ್ಸನ್ ಅನ್ನುವ ಹೆಸರಿನ ವರದಿಗಾರ ನಿಜವಾಗಿಯೂ ಶಿಕಾಗೋದಲ್ಲಿದ್ದರು. ವಾಲ್ಟರ್ ಬರ್ನ್ಸ್‌ಗೆ ಮಾದರಿ ವಾಲ್ಟರ್ ಹೋವಿ, ಹರ್ಸ್ಟ್ ಪತ್ರಿಕೆಗಳ ಸಂಪಾದಕ, ಸುದ್ದಿಗಾಗಿ ಏನು ಬೇಕಾದರೂ ಮಾಡುವ ಆಸಾಮಿ. ಹೋವಿಗೆ ಒಂದು ಕಣ್ಣು ಗಾಜಿನದು. ಎರಡರಲ್ಲಿ ಯಾವುದರಲ್ಲಿ ಸ್ವಲ್ಪ ಕರುಣೆ ಕಾಣುತ್ತದೋ ಅದೇ ಗಾಜಿನ ಕಣ್ಣು ಅಂತ ಹೆಕ್ಟ್ ತಮಾಷೆ ಮಾಡುತ್ತಿದ್ದರಂತೆ. ವಾಲ್ಟರ್ ಪಾತ್ರ ಅರ್ಥ ಆಗೋಕೆ ಇದೊಂದು ಜೋಕ್ ಸಾಕು.

ನಾಟಕದಲ್ಲಿ ಹಿಲ್ಡಿ ಗಂಡಸಂತೆ, ಹೌದಾ?

ಹೌದು. ಇಡೀ ಸಿನಿಮಾದ ಜೀವ ಇರೋದೇ ಈ ಬದಲಾವಣೆಯಲ್ಲಿ. ನಾಟಕದಲ್ಲಿ ಹಿಲ್ಡಿ ಗಂಡಸು. ಪೆಗ್ಗಿ ಅನ್ನುವ ಹುಡುಗಿಯನ್ನು ಮದುವೆಯಾಗಿ, ನ್ಯೂಯಾರ್ಕಿಗೆ ಹೋಗಿ ಜಾಹೀರಾತಿನ ಕೆಲಸ ಹಿಡಿಯೋಣ ಅಂತ ಹೊರಟವನು. ಸಂಪಾದಕ ಅವನನ್ನು ಬಿಡಲ್ಲ. 1931ರಲ್ಲಿ ಲೂಯಿಸ್ ಮೈಲ್‌ಸ್ಟೋನ್ ನಿರ್ದೇಶನದಲ್ಲಿ ಬಂದ ಮೊದಲ ಸಿನಿಮಾದಲ್ಲೂ ಹೀಗೇ. ಅದರಲ್ಲಿ ಪ್ಯಾಟ್ ಓಬ್ರಿಯನ್ ಹಿಲ್ಡಿ, ಅಡಾಲ್ಫ್ ಮೆಂಜು ವಾಲ್ಟರ್.

ನಿರ್ದೇಶಕ ಹೊವರ್ಡ್ ಹಾಕ್ಸ್ ಹೇಳುತ್ತಿದ್ದ ಕಥೆ ಇದು: ಮನೆಯಲ್ಲಿ ಊಟಕ್ಕೆ ಜನ ಸೇರಿದ್ದರು. ಒಳ್ಳೆ ಸಂಭಾಷಣೆ ಅಂದರೆ ಏನು ಅಂತ ಮಾತು ಬಂತು. ‘ಫ್ರಂಟ್ ಪೇಜ್’ ನಾಟಕದ ಪ್ರತಿ ತಂದು, ಅಲ್ಲಿದ್ದ ಒಬ್ಬ ಹುಡುಗಿಯ ಕೈಗೆ ಹಿಲ್ಡಿಯ ಮಾತು ಕೊಟ್ಟು, ತಾನು ಸಂಪಾದಕನ ಮಾತು ಓದಿದರು. ಓದುತ್ತಾ ಓದುತ್ತಾ, ಅಯ್ಯೋ ಇದು ಗಂಡಸು ಗಂಡಸಿನ ನಡುವೆ ಇದ್ದದ್ದಕ್ಕಿಂತ ಚೆನ್ನಾಗಿದೆಯಲ್ಲ ಅನ್ನಿಸಿತಂತೆ. ಹಾಕ್ಸ್ ಸ್ವಲ್ಪ ಕಥೆ ಕಟ್ಟುವ ಪೈಕಿ. ಹಾಗಾಗಿ ಎಷ್ಟು ನಂಬಬೇಕೋ ಅಷ್ಟು ನಂಬಿ.

ಆದರೆ ಫಲ ನೋಡಿ. ‘ನನ್ನನ್ನು ಬಿಟ್ಟು ಹೋಗಬೇಡ’ ಅಂತ ಒಬ್ಬ ಬಾಸ್ ತನ್ನ ನೌಕರನಿಗೆ ಹೇಳಿದರೆ ಅದು ಆಫೀಸಿನ ರಾಮಾಯಣ. ಅದನ್ನೇ ಮಾಜಿ ಹೆಂಡತಿಗೆ ಹೇಳಿದರೆ? ಮಾತು ಹೆಚ್ಚುಕಡಿಮೆ ಅದೇ, ಅರ್ಥ ಮಾತ್ರ ಎರಡೆರಡು. ಅವನು ಕರೆಯುತ್ತಿರೋದು ಕೆಲಸಕ್ಕೋ ಮನೆಗೋ ಅಂತ ಅವನಿಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ.

ಹಾಗಾದರೆ ನಾಟಕವನ್ನು ಪೂರ್ತಿ ತಿರುಚಿದ್ದಾರೆ ಅನ್ನಿ

ಇಲ್ಲ, ಅದೇ ಮಜಾ. ಚಿತ್ರಕಥೆ ಬರೆದ ಚಾರ್ಲ್ಸ್ ಲೆಡರರ್ ಮೂಲಕ್ಕೆ ಜಾಸ್ತಿ ಕೈ ಹಾಕಲಿಲ್ಲ. ಶುರುವಿಗೆ ಒಂದು ಹೊಸ ಭಾಗ ಅಂಟಿಸಿದರು ಅಷ್ಟೇ. ಪತ್ರಿಕೆ ಆಫೀಸಿನ ದೃಶ್ಯ, ಆಮೇಲೆ ವಾಲ್ಟರ್, ಹಿಲ್ಡಿ, ಬ್ರೂಸ್ ಮೂವರೂ ಹೋಟೆಲಿನಲ್ಲಿ ಕೂತು ಊಟ ಮಾಡುವ ದೃಶ್ಯ, ಇವೆಲ್ಲ ನಾಟಕದಲ್ಲಿಲ್ಲ. ಹಿಲ್ಡಿ ಕೋರ್ಟ್ ಕಟ್ಟಡಕ್ಕೆ ಬಂದ ಮೇಲೆ ನಾಟಕದ ದಾರಿ ಹಿಡಿಯುತ್ತದೆ. ಪೆಗ್ಗಿಯ ಜಾಗಕ್ಕೆ ಬ್ರೂಸ್ ಬಂದ, ಪೆಗ್ಗಿಯ ತಾಯಿಯ ಜಾಗಕ್ಕೆ ಬ್ರೂಸ್‌ನ ತಾಯಿ ಬಂದರು. ಮೂಲದಲ್ಲಿ ಸಂಪಾದಕ ರಂಗದ ಮೇಲೆ ಕಾಲಿಡೋದೇ ಎರಡನೇ ಅಂಕದ ಕೊನೆಗೆ, ಅಲ್ಲಿವರೆಗೂ ಬರೀ ಫೋನಿನ ಆಚೆಗಿನ ಗುಮ್ಮ. ಸಿನಿಮಾದಲ್ಲಿ ವಾಲ್ಟರ್ ಪಾತ್ರಕ್ಕೆ ಕ್ಯಾರಿ ಗ್ರಾಂಟ್‌ರನ್ನು ಹಾಕಿಕೊಂಡು ಅಷ್ಟು ಹೊತ್ತು ಕಾಯಿಸೋಕೆ ಆಗುತ್ತಾ?

ಒಂದು ಸಣ್ಣ ಕಸಿ ನನಗೆ ತುಂಬಾ ಇಷ್ಟ. ನಾಟಕದ ಕೊನೆಯಲ್ಲಿ ಸಂಪಾದಕ ಸೋತವನ ಹಾಗೆ ನಟಿಸಿ, ಹೊರಟ ಹಿಲ್ಡಿಗೆ ತನ್ನ ಗಡಿಯಾರವನ್ನೇ ಉಡುಗೊರೆ ಕೊಟ್ಟು ಕಳಿಸುತ್ತಾನೆ. ಅವನು ಆಚೆ ಹೋದ ತಕ್ಷಣ ಪೊಲೀಸರಿಗೆ ತಂತಿ ಕೊಡಿಸುತ್ತಾನೆ: ಹಿಡಿಯಿರಿ, ಆ ಬಡ್ಡಿಮಗ ನನ್ನ ಗಡಿಯಾರ ಕದ್ದಿದ್ದಾನೆ! ಅದು ಆ ಕಾಲಕ್ಕೆ ಭಾರೀ ಹೆಸರಾದ ಕೊನೆಯ ಸಾಲು. 1931ರ ಸಿನಿಮಾದಲ್ಲಿ ಆ ಬೈಗುಳ ಟೈಪ್‌ರೈಟರ್ ಸದ್ದಿನಲ್ಲಿ ಮುಚ್ಚಿಹೋಗುತ್ತದೆ. 1940ರ ಹೊತ್ತಿಗೆ ಆ ಬೈಗುಳಕ್ಕೆ ಜಾಗವೇ ಇರಲಿಲ್ಲ. ಹಾಗಂತ ಗಡಿಯಾರವನ್ನು ಬಿಸಾಕಲಿಲ್ಲ. ಕಥೆಯ ನಡುವೆ ತಂದರು. ವಾಲ್ಟರ್‌ನ ಚೇಲಾ ಲೂಯಿ, ಬ್ರೂಸ್ ತನ್ನ ಗಡಿಯಾರ ಕದ್ದ ಅಂತ ದೂರು ಕೊಡುತ್ತಾನೆ. ಬ್ರೂಸ್‌ನ ಮೊದಲ ಲಾಕಪ್ ವಾಸ ಅದೇ.

ಅಷ್ಟು ಫಾಸ್ಟ್ ಆಗಿ ಮಾತಾಡ್ತಾರಲ್ಲ, ಫಿಲ್ಮ್ ಓಡಿಸಿದ್ದಾರಾ?

ಇಲ್ಲ ಸ್ವಾಮಿ, ನಿಜವಾಗಿ ಹಾಗೇ ಮಾತಾಡಿದ್ದಾರೆ. ನಿಮಿಷಕ್ಕೆ 240 ಪದದವರೆಗೂ ಹೋಗುತ್ತದೆ ಅಂತ ಲೆಕ್ಕ ಹಾಕಿದವರಿದ್ದಾರೆ. ಸಿನಿಮಾ ಇರೋದು 92 ನಿಮಿಷ. ಮಾಮೂಲಿ ವೇಗದಲ್ಲಿ ಮಾತಾಡಿದ್ದರೆ ಎರಡು ಗಂಟೆ ದಾಟುತ್ತಿತ್ತೋ ಏನೋ. 1931ರ ಸಿನಿಮಾ ಕೂಡ ಆ ಕಾಲಕ್ಕೆ ಚುರುಕೇ. ಅದನ್ನು ವೇಗದಲ್ಲಿ ಮೀರಿಸಬೇಕು ಅನ್ನೋದು ಹಾಕ್ಸ್ ಹಟ.

ಬರೀ ವೇಗ ಅಲ್ಲ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಹತ್ತಿ ಕೂರುತ್ತಾರೆ. ಅದಕ್ಕೆ ಹಾಕ್ಸ್ ಹೇಳುತ್ತಿದ್ದ ಉಪಾಯ ಸರಳ. ಪ್ರತಿ ವಾಕ್ಯದ ಹಿಂದೆ ಮುಂದೆ ಎರಡು ಮೂರು ಬೇಡದ ಪದ ಸೇರಿಸಿಬಿಡೋದು. ಮುಖ್ಯ ಮಾತು ನಡುವೆ ಇರುತ್ತದೆ. ಇನ್ನೊಬ್ಬರು ಬಾಲದ ಮೇಲೆ ಕಾಲಿಟ್ಟರೂ ನಮಗೆ ಏನೂ ನಷ್ಟ ಇಲ್ಲ. ‘ಅಲ್ಲ ಕಣೋ, ನಾನು ಹೇಳೋದೇನಂದ್ರೆ, ದುಡ್ಡು ಬಂದಿಲ್ಲ, ಗೊತ್ತಾಯ್ತಾ, ಅದೇ ವಿಷಯ’ ಅಂತ ಮನೆಯಲ್ಲಿ ಮಾತಾಡಲ್ವಾ? ಇದರಲ್ಲಿ ‘ದುಡ್ಡು ಬಂದಿಲ್ಲ’ ಒಂದು ಕೇಳಿಸಿದರೆ ಸಾಕು. ಅಷ್ಟೇ ತಂತ್ರ.

ರೆಕಾರ್ಡಿಂಗ್ ಮಾತ್ರ ಸುಲಭ ಇರಲಿಲ್ಲ. ಈಗಿನ ಹಾಗೆ ಒಬ್ಬೊಬ್ಬರಿಗೆ ಒಂದೊಂದು ಟ್ರ್ಯಾಕ್ ಕೊಟ್ಟು ಆಮೇಲೆ ಮಿಕ್ಸ್ ಮಾಡೋದು ಆಗ ಇರಲಿಲ್ಲ. ಸೆಟ್ಟಿನಲ್ಲಿ ಹಲವು ಮೈಕ್ ನೇತುಹಾಕಿ, ಯಾರು ಮಾತಾಡುತ್ತಾರೋ ಅವರ ಮೈಕ್ ಆನ್ ಮಾಡಿ ಉಳಿದದ್ದನ್ನು ಆಫ್ ಮಾಡುತ್ತಾ ಇರಬೇಕಿತ್ತು. ಶೂಟಿಂಗ್ ನಡೆಯುತ್ತಿರುವಾಗಲೇ! ನಟರ ಜೊತೆಗೆ ಆ ಸೌಂಡ್ ಎಂಜಿನಿಯರಿಗೂ ಚಪ್ಪಾಳೆ ಹೊಡೆಯಬೇಕು.

ಇನ್ನೊಂದು ಗಮನಿಸಿ. ಸಿನಿಮಾದಲ್ಲಿ ಹಿನ್ನೆಲೆ ಸಂಗೀತ ಬಹುತೇಕ ಇಲ್ಲವೇ ಇಲ್ಲ. ಟೈಪ್‌ರೈಟರು, ಫೋನಿನ ಗಂಟೆ, ಸೈರನ್ನು, ಜನ. ತಾಳ ಹಿಡಿಯೋಕೆ ಅಷ್ಟು ಸಾಕು ಅಂತ ಬಿಟ್ಟಿದ್ದಾರೆ.

ಆದರೂ ನನಗೆ ಅರ್ಧ ಅರ್ಥ ಆಗಲಿಲ್ಲ

ನನಗೂ ಆಗಿರಲಿಲ್ಲ. ಮೊದಲ ಸಲ ನೋಡಿದ್ದು ಎಲ್ಲಿಂದಲೋ ಇಳಿಸಿಕೊಂಡ ಮಸುಕು ಪ್ರಿಂಟ್, ಸೌಂಡ್ ಬಾವಿಯೊಳಗಿಂದ ಬಂದ ಹಾಗೆ. ಸಬ್‌ಟೈಟಲ್ಲೂ ಎರಡು ಸೆಕೆಂಡ್ ಹಿಂದೆ. ಹಿಲ್ಡಿ ಮಾತು ವಾಲ್ಟರ್ ಬಾಯಲ್ಲಿ, ವಾಲ್ಟರ್ ಮಾತು ಬ್ರೂಸ್ ಬಾಯಲ್ಲಿ. ಇಪ್ಪತ್ತು ನಿಮಿಷ ನೋಡಿ, ಇದೇನು ಮೀನು ಮಾರ್ಕೆಟ್ಟಾ ಅಂತ ಲ್ಯಾಪ್‌ಟಾಪ್ ಮುಚ್ಚಿದೆ. ಒಂದು ವರ್ಷ ಆದಮೇಲೆ ಒಳ್ಳೆ ಪ್ರಿಂಟ್ ಸಿಕ್ಕಿತು, ಹೆಡ್‌ಫೋನ್ ಹಾಕಿಕೊಂಡು ಕೂತೆ. ಆಗ ಗೊತ್ತಾಯಿತು ತಪ್ಪು ಯಾರದ್ದು ಅಂತ.

ನನ್ನ ಸಲಹೆ: ಮೊದಲ ಸಲ ಪ್ರತಿ ಜೋಕ್ ಹಿಡಿಯೋಕೆ ಹೋಗಬೇಡಿ. ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಿ, ಆದರೆ ಕಣ್ಣು ಮುಖದ ಮೇಲಿರಲಿ. ಯಾರು ಯಾರನ್ನು ಏಮಾರಿಸುತ್ತಿದ್ದಾರೆ ಅಂತ ಗೊತ್ತಾದರೆ ಸಾಕು. ಎಲ್ಲಾ ಮಾತೂ ಕೇಳಿಸಬೇಕು ಅಂತ ಸಿನಿಮಾದವರೂ ಅಂದುಕೊಂಡಿಲ್ಲ. ವಾಲ್ಟರ್ ಇಷ್ಟು ಬೇಗ ಮಾತಾಡೋದು ಎದುರಿನವರಿಗೆ ಯೋಚನೆ ಮಾಡೋಕೆ ಟೈಮ್ ಕೊಡಬಾರದು ಅಂತಲೇ. ಬ್ರೂಸ್ ನಿಧಾನವಾಗಿ ಮಾತಾಡುತ್ತಾನೆ, ಅದಕ್ಕೇ ಸೋಲುತ್ತಾನೆ. ಹಿಲ್ಡಿಗೆ ಮಾತ್ರ ವಾಲ್ಟರ್ ವೇಗಕ್ಕೆ ಸಮ ಓಡೋಕೆ ಬರುತ್ತದೆ.

ಇದು ಕಾಮಿಡಿ ಅಂತೀರಿ, ಒಳಗೆ ಗಲ್ಲು, ಆತ್ಮಹತ್ಯೆ ಯತ್ನ ಎಲ್ಲಾ ಇದೆಯಲ್ಲ?

ಇದೆ. ನನ್ನ ಪ್ರಕಾರ ಈ ಸಿನಿಮಾ ಇಷ್ಟು ವರ್ಷ ಬಾಳಿರೋದೇ ಅದರಿಂದ.

ಅರ್ಲ್ ವಿಲಿಯಮ್ಸ್ ಕೆಲಸ ಕಳೆದುಕೊಂಡ ಗುಮಾಸ್ತ. ತಲೆ ಕೆಟ್ಟು ಅಲೆಯುತ್ತಿದ್ದಾಗ ಕೈಗೆ ಪಿಸ್ತೂಲು ಸಿಕ್ಕಿತು, ಗುಂಡು ಹಾರಿತು, ಪೊಲೀಸಿನವನು ಸತ್ತ. ಸತ್ತವನು ಕಪ್ಪು ಜನಾಂಗದವನು. ಚುನಾವಣೆ ಹತ್ತಿರ ಇದೆ. ಆ ಮತಗಳಿಗಾಗಿ ಮೇಯರ್, ಶೆರಿಫ್ ಇಬ್ಬರಿಗೂ ಇವನನ್ನು ನೇಣಿಗೇರಿಸಲೇಬೇಕು.

ಹಿಲ್ಡಿ ಇವನನ್ನು ಸಂದರ್ಶಿಸುವ ದೃಶ್ಯ ನೋಡಿ. ಮೊದಲು ಕಾವಲಿನವನ ಮುಂದೆ 20 ಡಾಲರ್ ನೋಟು ಬೀಳಿಸಿ, ಇದು ನಿಮ್ಮದಾ ಅಂತ ಕೇಳಿ ಒಳಗೆ ಹೋಗುತ್ತಾಳೆ. ಲಂಚ ಕೊಡೋದರಲ್ಲೂ ಎಷ್ಟು ನಯ! ಒಳಗೆ ಹೋದ ಮೇಲೆ ಸಿನಿಮಾದ ವೇಗವೆಲ್ಲ ನಿಂತುಹೋಗುತ್ತದೆ. ಪಂಜರದಂಥ ಕೋಣೆ, ಅವಳ ದನಿ ತಗ್ಗಿದೆ. ಸಿಗರೇಟು ಕೊಡುತ್ತಾಳೆ. ಅವನು ತಗೊಂಡು, ಆಮೇಲೆ ನೆನಪಾದವನ ಹಾಗೆ, ನಾನು ಸೇದಲ್ಲ ಅಂತ ವಾಪಸ್ ಕೊಡುತ್ತಾನೆ. ಪಾರ್ಕಿನಲ್ಲಿ ಭಾಷಣಕಾರರು ಏನು ಹೇಳುತ್ತಿದ್ದರು ಅಂತ ಅವಳು ಕೇಳುತ್ತಾಳೆ. ವಸ್ತುಗಳನ್ನು ತಯಾರಿಸೋದು ಬಳಸೋಕೆ ಅನ್ನೋದು ಅವನಿಗೆ ನೆನಪಿರುವ ಮಾತು. ಪಿಸ್ತೂಲು ಇರೋದು ಏತಕ್ಕೆ? ಗುಂಡು ಹಾರಿಸೋಕೆ. ಅದಕ್ಕೇ ಹಾರಿಸಿದೆಯಾ? ಹೌದು ಅನ್ನುತ್ತಾನೆ ಆ ಪಾಪದವನು. ಅವಳಿಗೆ ಅವನ ಮೇಲೆ ನಿಜವಾಗಿ ಕನಿಕರ ಇದೆ, ಅದೇ ಹೊತ್ತಿಗೆ ಅವನ ಬಾಯಿಗೆ ತಲೆಬರಹವನ್ನೂ ತುರುಕುತ್ತಿದ್ದಾಳೆ. ಎರಡೂ ಒಟ್ಟಿಗೆ. ಪತ್ರಿಕೆಯ ಕೆಲಸ ಮಾಡಿದವರಿಗೆ ಈ ದೃಶ್ಯ ಸ್ವಲ್ಪ ಚುಚ್ಚುತ್ತದೆ.

ಆಮೇಲೆ ಏನಾಗುತ್ತದೆ ಗೊತ್ತಾ? ಕೈದಿಯ ತಲೆ ಸರಿ ಇದೆಯಾ ಅಂತ ಪರೀಕ್ಷೆ ಮಾಡೋಕೆ ಬಂದ ಡಾಕ್ಟರು, ಕೊಲೆ ಹೇಗಾಯಿತು ತೋರಿಸು ಅಂತಾರೆ. ಅದಕ್ಕೊಂದು ಪಿಸ್ತೂಲು ಬೇಕಲ್ಲ, ಶೆರಿಫ್ ತನ್ನದನ್ನೇ ಕೊಡುತ್ತಾನೆ! ಪಿಸ್ತೂಲು ಇರೋದು ಬಳಸೋಕೆ. ಕೈದಿ ಬಳಸುತ್ತಾನೆ, ತಪ್ಪಿಸಿಕೊಳ್ಳುತ್ತಾನೆ. ಅತ್ತ ಮರುಕದ ದೃಶ್ಯದಲ್ಲಿ ಬಂದ ಮಾತು ಇತ್ತ ಪಕ್ಕಾ ಕಾಮಿಡಿಯಾಗಿ ವಾಪಸ್ ಬರುತ್ತದೆ.

ಮೋಲಿ ಮಲಾಯ್ ಕೂಡ ಹಾಗೇ. ಅರ್ಲ್‌ನನ್ನು ಕನಿಕರದಿಂದ ಒಂದಿಷ್ಟು ಮಾತಾಡಿಸಿದವಳು. ಅಷ್ಟಕ್ಕೇ ಪತ್ರಿಕೆಯವರು ಅವಳ ಬಗ್ಗೆ ಬಾಯಿಗೆ ಬಂದದ್ದು ಬರೆದಿದ್ದಾರೆ. ಅವಳು ಕೋಣೆಗೆ ಬಂದು ಅಳುತ್ತಾ ಬೈದರೆ ಇಸ್ಪೀಟು ಆಡುತ್ತಾ ಛೇಡಿಸುತ್ತಾರೆ. ಹಿಲ್ಡಿ ಅವಳ ಹೆಗಲು ಹಿಡಿದು ಆಚೆ ಕರೆದುಕೊಂಡು ಹೋಗುತ್ತಾಳೆ. ಕೋಣೆಯಲ್ಲಿ ಒಬ್ಬರೂ ಮಾತಾಡಲ್ಲ. ಅಷ್ಟು ಹೊತ್ತು ಬಾಯಿ ಮುಚ್ಚದ ಜನ! ಹಿಲ್ಡಿ ವಾಪಸ್ ಬಂದು ಬಾಗಿಲಲ್ಲಿ ನಿಂತು ‘ಪತ್ರಿಕಾರಂಗದ ಮಹನೀಯರು’ ಅನ್ನುವ ಅರ್ಥದ ಒಂದೇ ಒಂದು ಮಾತು ಹೇಳುತ್ತಾಳೆ. ಮುಂದೆ ಅರ್ಲ್ ಇರುವ ಜಾಗ ಬಾಯಿ ಬಿಡು ಅಂತ ಅದೇ ಜನ ಸುತ್ತುವರಿದಾಗ ಮೋಲಿ ಕಿಟಕಿಯಿಂದ ಹಾರುತ್ತಾಳೆ. ಎರಡೇ ನಿಮಿಷ, ಸಿನಿಮಾ ಮತ್ತೆ ನಗಿಸೋಕೆ ಹೊರಟುಬಿಡುತ್ತದೆ. ಅದು ಕ್ರೂರ ಅನ್ನಿಸಿದರೆ ನೀವು ಸರಿಯಾಗಿಯೇ ನೋಡಿದ್ದೀರಿ.

ಪತ್ರಕರ್ತರನ್ನು ಇಷ್ಟು ಕೆಟ್ಟದಾಗಿ ತೋರಿಸಿದ್ದಕ್ಕೆ ಗಲಾಟೆ ಆಗಲಿಲ್ವಾ?

ಮೊದಲೇ ಒಂದು ಕೊಡೆ ಹಿಡಿದಿದ್ದಾರೆ. ಸಿನಿಮಾ ಶುರುವಲ್ಲಿ ಒಂದು ಬರಹ ಬರುತ್ತದೆ: ಇದೆಲ್ಲ ಪತ್ರಿಕೋದ್ಯಮದ ‘ಕತ್ತಲ ಯುಗ’ದಲ್ಲಿ ನಡೆದದ್ದು, ಈಗಿನ ಪತ್ರಕರ್ತರಿಗೂ ಇದಕ್ಕೂ ಏನೂ ಹೋಲಿಕೆ ಇಲ್ಲ ಅನ್ನುವ ಅರ್ಥದ್ದು. ಕೊನೆಗೆ ‘ಒಂದಾನೊಂದು ಕಾಲದಲ್ಲಿ’ ಅಂತ ಬೇರೆ. ಆದರೆ ಅದೇ ಸಿನಿಮಾದಲ್ಲಿ ವಾಲ್ಟರ್ ಫೋನಿನಲ್ಲಿ, ಹಿಟ್ಲರ್ ಸುದ್ದಿ ತೆಗೆದು ಕಾಮಿಕ್ಸ್ ಪುಟಕ್ಕೆ ಹಾಕು, ಹುಂಜದ ಕಥೆ ಮಾತ್ರ ಮುಟ್ಟಬೇಡ ಅಂತ ಕೂಗುತ್ತಾನೆ. ಕತ್ತಲ ಯುಗದಲ್ಲಿ ಹಿಟ್ಲರ್ ಎಲ್ಲಿಂದ ಬಂದ ಸ್ವಾಮಿ?

ಅರ್ಲ್ ಸಿಕ್ಕಿಬಿದ್ದಾಗ ವರದಿಗಾರರು ಒಬ್ಬೊಬ್ಬರೂ ತಮ್ಮ ಆಫೀಸಿಗೆ ಫೋನ್ ಮಾಡುವುದನ್ನು ತಪ್ಪಿಸಿಕೊಳ್ಳಬೇಡಿ. ಎಲ್ಲರ ಕಣ್ಣೆದುರೇ ನಡೆದ ಘಟನೆ. ಒಬ್ಬ, ಕೈದಿ ಪ್ರಾಣ ಹೋಗುವ ಹಾಗೆ ಹೋರಾಡಿದ ಅಂತಾನೆ. ಇನ್ನೊಬ್ಬ, ಮೇಜು ತೆಗೆದಾಗ ಪ್ರಜ್ಞೆಯೇ ಇರಲಿಲ್ಲ ಅಂತಾನೆ. ಒಂದೇ ಕೋಣೆ, ಒಂದೇ ನಿಮಿಷ. ಟಿವಿ ಸುದ್ದಿ ನೋಡುವವರಿಗೆ ಇದನ್ನು ನಾನೇನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ.

ಹಿಲ್ಡಿ ಪಾತ್ರಕ್ಕೆ ರೋಸಲಿಂಡ್ ರಸೆಲ್ ಮೊದಲ ಆಯ್ಕೆ ಅಲ್ಲವಂತೆ?

ಅಲ್ಲ. ಐರೀನ್ ಡನ್, ಜೀನ್ ಆರ್ಥರ್, ಕ್ಲಾಡೆಟ್ ಕೋಲ್ಬರ್ಟ್, ಜಿಂಜರ್ ರಾಜರ್ಸ್, ಹೀಗೆ ದೊಡ್ಡ ಪಟ್ಟಿಯೇ ಇದೆ, ಎಲ್ಲರ ಹತ್ತಿರ ಸುತ್ತಿ ಕೊನೆಗೆ ಇವರ ಬಳಿ ಬಂತು. ಎಂಜಿಎಂ ಅನ್ನುವ ಸಿನಿಮಾ ಕಂಪನಿಯಿಂದ, ಈ ಸಿನಿಮಾ ತೆಗೆದ ಕೊಲಂಬಿಯಾ ಕಂಪನಿಯವರು ಇವರನ್ನು ಎರವಲು ತಂದರು. ತಾನು ಯಾರಿಗೂ ಬೇಡವಾದ ಪಾತ್ರಕ್ಕೆ ಬಂದವಳು ಅನ್ನೋದು ರಸೆಲ್‌ಗೆ ಗೊತ್ತಿತ್ತು, ಸಿಟ್ಟೂ ಇತ್ತು.

ಜೊತೆಗೆ ಇನ್ನೊಂದು ಅನುಮಾನ: ಒಳ್ಳೊಳ್ಳೆ ಮಾತೆಲ್ಲ ಕ್ಯಾರಿ ಗ್ರಾಂಟ್‌ಗೇ ಹೋಗುತ್ತಿದೆಯಲ್ಲ ಅಂತ. ಏನು ಮಾಡಿದರು ಗೊತ್ತಾ? ತಮ್ಮ ಖರ್ಚಿನಲ್ಲಿ ಜಾಹೀರಾತು ಬರೆಯುವವನೊಬ್ಬನನ್ನು ಗುಟ್ಟಾಗಿ ಇಟ್ಟುಕೊಂಡು ತಮಗೆ ಬೇಕಾದ ಪಂಚ್ ಬರೆಸಿಕೊಂಡು ಸೆಟ್ಟಿಗೆ ಹೋಗುತ್ತಿದ್ದರು. ಹಾಕ್ಸ್ ಹೇಗೂ ಸೆಟ್ಟಿನಲ್ಲಿ ಮಾತು ಕೂಡಿಸೋಕೆ ಬಿಡುತ್ತಿದ್ದರು, ಹಾಗಾಗಿ ಸಿಕ್ಕಿಬೀಳಲಿಲ್ಲ. ಗ್ರಾಂಟ್‌ಗೆ ಮಾತ್ರ ವಾಸನೆ ಹತ್ತಿತ್ತು. ಬೆಳಿಗ್ಗೆ ಬಂದವರೇ, ಇವತ್ತೇನು ತಂದಿದ್ದೀಯಾ ಅಂತ ಕೇಳುತ್ತಿದ್ದರಂತೆ. ಇದನ್ನೆಲ್ಲ ರಸೆಲ್ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ತೆರೆಯ ಮೇಲಿನ ಜಿದ್ದಾಜಿದ್ದಿ ಪೂರ್ತಿ ನಟನೆ ಅಲ್ಲ ಅನ್ನಿ.

ನಡುವೆ ಒಂದೆರಡು ಜೋಕಿಗೆ ಜನ ಯಾಕೆ ಅಷ್ಟು ನಗ್ತಾರೆ?

ಒಳಗಿನವರ ಜೋಕ್ ಅವು. ಬ್ರೂಸ್ ಪಾತ್ರ ಮಾಡಿದವರು ರಾಲ್ಫ್ ಬೆಲಮಿ. ಬ್ರೂಸ್ ನೋಡೋಕೆ ಹೇಗಿದ್ದಾನೆ ಅಂತ ಕೇಳಿದಾಗ ವಾಲ್ಟರ್, ಅದೇ ಸಿನಿಮಾದಲ್ಲಿ ಬರ್ತಾನಲ್ಲ, ರಾಲ್ಫ್ ಬೆಲಮಿ, ಅವನ ಹಾಗಿದ್ದಾನೆ ಅಂತಾನೆ! ಬೆಲಮಿ 1937ರ ‘ದಿ ಆಫುಲ್ ಟ್ರೂತ್’ನಲ್ಲೂ ಇದೇ ಕ್ಯಾರಿ ಗ್ರಾಂಟ್ ಕೈಲಿ ಹುಡುಗಿಯನ್ನು ಕಳೆದುಕೊಂಡಿದ್ದರು, ಪಾಪ. ಇನ್ನೊಂದು, ಹಿಂದೆ ನನಗೆ ಹೀಗೆ ಹೇಳಿದ ಆರ್ಚಿ ಲೀಚ್ ಒಂದು ವಾರದಲ್ಲಿ ಕತ್ತು ಕುಯ್ದುಕೊಂಡ ಅಂತ ವಾಲ್ಟರ್ ಹೆದರಿಸುವುದು. ಆರ್ಚಿ ಲೀಚ್ ಅನ್ನೋದು ಕ್ಯಾರಿ ಗ್ರಾಂಟ್‌ರ ಹುಟ್ಟುಹೆಸರು.

ಹೆಸರಲ್ಲಿ ಶುಕ್ರವಾರ ಯಾಕೆ?

ಶುಕ್ರವಾರಕ್ಕೂ ಕಥೆಗೂ ಸಂಬಂಧ ಇಲ್ಲ. ‘ರಾಬಿನ್ಸನ್ ಕ್ರೂಸೋ’ ಕಾದಂಬರಿಯಲ್ಲಿ ದ್ವೀಪದಲ್ಲಿ ಸಿಗುವ ಸಹಾಯಕನಿಗೆ ಕ್ರೂಸೋ ಫ್ರೈಡೇ ಅಂತ ಹೆಸರಿಡುತ್ತಾನೆ. ಅಲ್ಲಿಂದ ಇಂಗ್ಲಿಷಿನಲ್ಲಿ ನಂಬಿಕಸ್ಥ ಬಲಗೈ ಬಂಟನಿಗೆ ಆ ಹೆಸರು. ಹೆಂಗಸಾದ್ದರಿಂದ ಗರ್ಲ್ ಫ್ರೈಡೇ. ‘ಅವನ’ ಅಂತ ಮುಂದೆ ಸೇರಿಸಿರೋದು ನನಗೆ ಅಷ್ಟು ಹಿಡಿಸಲ್ಲ.

ಕೊನೆಗೆ ಹಿಲ್ಡಿ ವಾಲ್ಟರ್‌ಗೇ ವಾಪಸ್ ಹೋಗ್ತಾಳಲ್ಲ, ಅದು ಸೋಲಲ್ವಾ?

ಅತಿ ಹೆಚ್ಚು ಜಗಳ ಆಗೋದು ಇದಕ್ಕೇ. ವಾಲ್ಟರ್ ಒಳ್ಳೆಯವನಲ್ಲ, ಆ ಬಗ್ಗೆ ಚರ್ಚೆಯೇ ಬೇಡ. ಸುಳ್ಳುಗಾರ, ಸ್ವಾರ್ಥಿ, ಬ್ರೂಸ್‌ನ ತಾಯಿಯನ್ನೇ ಹೊತ್ತುಕೊಂಡು ಹೋಗಿಸಿದವನು. ಶುರುವಲ್ಲಿ ಆಫೀಸಿನ ಗೇಟ್ ತಾನೇ ಮುಂದೆ ದಾಟುತ್ತಾನೆ, ಅವಳಿಗೆ ಹಿಡಿಯೋದಿಲ್ಲ. ಕೊನೆಯಲ್ಲೂ ಅಷ್ಟೇ. ಅವಳು ಭಾರದ ಪೆಟ್ಟಿಗೆ ಹೊತ್ತು ಒದ್ದಾಡುತ್ತಿದ್ದರೆ ಇವನು ಕೈಬೀಸಿಕೊಂಡು ಮುಂದೆ.

ಬ್ರೂಸ್ ಒಳ್ಳೆಯವನು. ಮಳೆ ಬರಬಹುದು ಅಂತ ಛತ್ರಿ ತರುವವನು, ಶೂ ಮೇಲೆ ಹಾಕುವ ರಬ್ಬರ್ ಕವಚವನ್ನೂ ತರುವವನು. ಆದರೆ ಸೈರನ್ ಕೇಳಿದ ಕ್ಷಣ ಹಿಲ್ಡಿ ಏನು ಮಾಡುತ್ತಾಳೆ ನೋಡಿ. ಆಗಷ್ಟೇ ತಾನು ಬರೆದ ವರದಿಯನ್ನು ಹರಿದುಹಾಕಿ ಕೆಲಸ ಬಿಟ್ಟೆ ಅಂತ ಕೂಗಾಡಿದವಳು, ರಸ್ತೆಯಲ್ಲಿ ಜೈಲಿನ ಕಾವಲಿನವನ ಹಿಂದೆ ಓಡಿಹೋಗಿ, ಮೇಲೆ ಬಿದ್ದು ಕೆಡವಿ ಸುದ್ದಿ ಕಸಿಯುತ್ತಾಳೆ. ಅವಳಿಗೆ ವಾಲ್ಟರ್ ಬೇಕೋ ಬೇಡವೋ ಅದು ಆಮೇಲಿನ ಮಾತು, ಕೆಲಸ ಬೇಕು. ಆಲ್ಬನಿಯಲ್ಲಿ ಆ ಕೆಲಸ ಇಲ್ಲ.

ನನಗೆ ಮುಖ್ಯ ಅನ್ನಿಸೋದು ಇನ್ನೊಂದು ಕ್ಷಣ. ಎಲ್ಲಾ ಮುಗಿದ ಮೇಲೆ ವಾಲ್ಟರ್ ಒಳ್ಳೆಯವನಾಗಿ, ಹೋಗು, ಬ್ರೂಸ್ ಕಾಯ್ತಿರ್ತಾನೆ ಅಂತ ಕಳಿಸೋಕೆ ನೋಡುತ್ತಾನೆ. ಆಗ ಫೋನ್ ಬರುತ್ತದೆ. ಬ್ರೂಸ್ ಮತ್ತೆ ಲಾಕಪ್ಪಿನಲ್ಲಿ, ಈ ಸಲ ಖೋಟಾ ನೋಟು. ವಾಲ್ಟರ್‌ನದೇ ಕೈವಾಡ. ಹಿಲ್ಡಿ ಅಳೋಕೆ ಶುರು ಮಾಡುತ್ತಾಳೆ. ಸಿಟ್ಟಿಗಲ್ಲ! ನನ್ನನ್ನು ನಿಜವಾಗಿ ಕಳಿಸಿಬಿಡುತ್ತಿದ್ದೀಯಾ ಅಂದುಕೊಂಡೆ ಅಂತ. ಅವನು ಮೋಸ ಮಾಡಿದ್ದಕ್ಕೆ ಅವಳಿಗೆ ಸಮಾಧಾನ. ನಗು ಬರುತ್ತದೆ, ಸ್ವಲ್ಪ ಭಯವೂ ಆಗುತ್ತದೆ. ನನ್ನ ಹೆಂಡತಿ ಪ್ರತಿಸಲ ಇಲ್ಲಿಗೆ ಬಂದಾಗ ‘ಇವಳಿಗೆ ಬುದ್ಧಿ ಇಲ್ಲ’ ಅಂತಾಳೆ, ಎದ್ದು ಮಾತ್ರ ಹೋಗಲ್ಲ. ವಿಚ್ಛೇದನ ಆದವರು ಮತ್ತೆ ಒಂದಾಗುವ ಇಂಥ ಹಾಲಿವುಡ್ ಕಾಮಿಡಿಗಳ ಬಗ್ಗೆ ಸ್ಟ್ಯಾನ್ಲಿ ಕ್ಯಾವೆಲ್ ಅನ್ನುವ ತತ್ವಶಾಸ್ತ್ರಜ್ಞರು 1981ರಲ್ಲಿ ಒಂದು ಪುಸ್ತಕವನ್ನೇ ಬರೆದರು, ಅದರಲ್ಲಿ ಈ ಸಿನಿಮಾಕ್ಕೂ ಜಾಗ ಇದೆ.

ಮನೆಮಂದಿ ಜೊತೆ ಕೂತು ನೋಡಬಹುದಾ?

ನೋಡಬಹುದು, ಮುಜುಗರದ ದೃಶ್ಯ ಏನೂ ಇಲ್ಲ. ಕಪ್ಪು ಜನರ ಬಗ್ಗೆ ಒಂದೆರಡು ಮಾತು ಈಗ ಕೇಳೋಕೆ ಕಷ್ಟವಾಗುತ್ತದೆ. ಸತ್ತ ಪೊಲೀಸಿನವನ ಬಗ್ಗೆ ಯಾರೂ ಒಂದು ಕ್ಷಣ ಯೋಚಿಸಲ್ಲ, ಅವನಿಗೆ ಕಥೆಯಲ್ಲಿ ಒಂದು ಹೆಸರಿನ ಗೌರವವೂ ಸಿಗಲ್ಲ. ಸಣ್ಣ ಮಕ್ಕಳಿಗೆ ಬೋರ್ ಆಗುತ್ತದೆ.

ಆಸ್ಕರ್ ಎಷ್ಟು ಬಂತು?

ಒಂದೂ ಇಲ್ಲ. ನಾಮನಿರ್ದೇಶನವೂ ಇಲ್ಲ. 1993ರಲ್ಲಿ ಅಮೆರಿಕದ ನ್ಯಾಷನಲ್ ಫಿಲ್ಮ್ ರಿಜಿಸ್ಟ್ರಿಗೆ ಸೇರಿತು, ಅಂದರೆ ಕಾಪಾಡಿಡಬೇಕಾದ ಸಿನಿಮಾ ಅಂತ ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ ಒಪ್ಪಿಕೊಂಡ ಹಾಗೆ.

ಇಂಟರ್ನೆಟ್ಟಿನಲ್ಲಿ ಫ್ರೀ ಸಿಗುತ್ತಲ್ಲ, ಅದು ಪೈರಸಿನಾ?

ಅಲ್ಲ. ಅಮೆರಿಕದ ಆಗಿನ ಕಾನೂನಿನಲ್ಲಿ 28 ವರ್ಷ ತುಂಬುವ ಹೊತ್ತಿಗೆ ಒಂದು ಸಲ ಹಕ್ಕುಸ್ವಾಮ್ಯ ನವೀಕರಿಸಬೇಕಿತ್ತು. ಈ ಸಿನಿಮಾದ್ದನ್ನು ನವೀಕರಿಸಲಿಲ್ಲ. ಹಾಗಾಗಿ ಅಲ್ಲಿ ಸಿನಿಮಾ ಸಾರ್ವಜನಿಕ ಸ್ವತ್ತಾಯಿತು. ತಮಾಷೆ ಅಂದರೆ, ಅದರ ಮೂಲ ನಾಟಕದ ಹಕ್ಕು ಮಾತ್ರ ಉಳಿದುಕೊಂಡಿತ್ತು. ಅದು 2024ರ ಜನವರಿ 1ಕ್ಕೆ ಅಲ್ಲಿ ಮುಕ್ತವಾಯಿತು.

ಫ್ರೀ ಅಂದ ಮೇಲೆ ಸಿಕ್ಕಸಿಕ್ಕವರೆಲ್ಲ ಕೆಟ್ಟ ಪ್ರಿಂಟ್ ಹಾಕಿದ್ದಾರೆ. ನಾನು ಸಿಕ್ಕಿಬಿದ್ದದ್ದೂ ಅಂಥದ್ದಕ್ಕೇ. ಕ್ರೈಟೀರಿಯನ್ ಸಂಸ್ಥೆ 2017ರಲ್ಲಿ ಶುಚಿ ಮಾಡಿದ ಪ್ರತಿ ತಂದಿತು, ಜೊತೆಗೆ 1931ರ ‘ಫ್ರಂಟ್ ಪೇಜ್’ ಕೂಡ ಇದೆ. ಎರಡನ್ನೂ ಒಂದೇ ವಾರದಲ್ಲಿ ನೋಡಿದರೆ, ಹಿಲ್ಡಿ ಹೆಂಗಸಾದದ್ದರಿಂದ ಏನೇನು ಬದಲಾಯಿತು ಅಂತ ನಾನು ಇಷ್ಟು ಉದ್ದ ಕೊರೆಯದೆಯೂ ಗೊತ್ತಾಗುತ್ತದೆ.

ಮತ್ತೆ ಯಾರಾದರೂ ಇದನ್ನು ಸಿನಿಮಾ ಮಾಡಿದರಾ?

1974ರಲ್ಲಿ ಬಿಲ್ಲಿ ವೈಲ್ಡರ್ ಮಾಡಿದರು, ಹಿಲ್ಡಿಯನ್ನು ಮತ್ತೆ ಗಂಡಸು ಮಾಡಿ. ಜ್ಯಾಕ್ ಲೆಮನ್, ವಾಲ್ಟರ್ ಮ್ಯಾಥೌ ಇದ್ದಾರೆ. ಒಂದು ಸಲ ನೋಡಬಹುದು. 1988ರ ‘ಸ್ವಿಚಿಂಗ್ ಚಾನೆಲ್ಸ್’ನಲ್ಲಿ ಪತ್ರಿಕೆಯ ಬದಲು ಟಿವಿ ಚಾನೆಲ್, ಹಿಲ್ಡಿ ಜಾಗದಲ್ಲಿ ಕ್ಯಾಥ್ಲೀನ್ ಟರ್ನರ್. ಅದನ್ನು ಬಿಡಿ. 2003ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ ಜಾನ್ ಗ್ವೇರ್ ನಾಟಕ ಮತ್ತು ಸಿನಿಮಾ ಎರಡನ್ನೂ ಬೆರೆಸಿ ಮತ್ತೆ ರಂಗಕ್ಕೆ ತಂದರು. ನಾಟಕದಿಂದ ಸಿನಿಮಾಕ್ಕೆ ಹೋಗಿ, ಅಲ್ಲಿ ಹೆಣ್ಣಾಗಿ, ಹಿಲ್ಡಿ ವಾಪಸ್ ರಂಗಕ್ಕೇ ಬಂದಳು.

ಇದು ಇಷ್ಟ ಆಯ್ತು, ಮುಂದೆ ಏನು ನೋಡಲಿ?

ನಾಟಕದಿಂದಲೇ ಬಂದದ್ದು ಬೇಕು ಅಂದರೆ ‘ದಿ ಫಿಲಡೆಲ್ಫಿಯಾ ಸ್ಟೋರಿ’. ಅದೂ 1940ರದ್ದೇ, ಅಲ್ಲೂ ಕ್ಯಾರಿ ಗ್ರಾಂಟ್ ಮಾಜಿ ಗಂಡ. ನಿಧಾನಕ್ಕೆ ನಡೆಯುತ್ತದೆ, ಉಸಿರು ಬಿಡೋಕೆ ಟೈಮ್ ಸಿಗುತ್ತದೆ. ‘ದಿ ಆಫುಲ್ ಟ್ರೂತ್’ ಕೂಡ ನಾಟಕದಿಂದ ಬಂದದ್ದೇ. ಹಾಕ್ಸ್ ಬೇಕು ಅಂದರೆ 1938ರ ‘ಬ್ರಿಂಗಿಂಗ್ ಅಪ್ ಬೇಬಿ’, ಅದರಲ್ಲಿ ಒಂದು ಚಿರತೆ ಇದೆ.

ಅದಕ್ಕೂ ಮುಂಚೆ ಇದನ್ನೇ ಇನ್ನೊಂದು ಸಲ ಹಾಕಿ. ಗವರ್ನರ್ ಕಡೆಯಿಂದ ಗಲ್ಲು ತಡೆಯುವ ಆದೇಶ ಹಿಡಿದುಕೊಂಡು ಬರುವ ಜೋ ಪೆಟ್ಟಿಬೋನ್ ಅನ್ನುವ ಡೊಳ್ಳುಹೊಟ್ಟೆಯ ಅಮಾಯಕನನ್ನು ನೋಡಿ. ನೀನು ಬಂದೇ ಇಲ್ಲ ಅಂದುಕೋ, ಇದನ್ನು ಕೊಟ್ಟೇ ಇಲ್ಲ ಅಂದುಕೋ, ತೂಕ ಅಳತೆ ಪರೀಕ್ಷೆ ಮಾಡುವ ಇಲಾಖೆಯಲ್ಲಿ ಒಳ್ಳೆ ಕೆಲಸ ಕೊಡಿಸುತ್ತೇವೆ ಅಂತ ಮೇಯರ್ ಮತ್ತು ಶೆರಿಫ್ ಪುಸಲಾಯಿಸುತ್ತಾರೆ. ಅವನಿಗೆ ಲಂಚ ಕೊಡುತ್ತಿದ್ದಾರೆ ಅಂತ ತಲೆಗೆ ಹೋಗೋಕೇ ಎಷ್ಟು ಹೊತ್ತು ಬೇಕಾಗುತ್ತದೆ! ಬಿಲ್ಲಿ ಗಿಲ್ಬರ್ಟ್ ಅನ್ನುವ ನಟ. ಎಲ್ಲರೂ ನಾಗಾಲೋಟದಲ್ಲಿ ಓಡುತ್ತಿರುವಾಗ ಈ ಮನುಷ್ಯ ಒಬ್ಬನೇ ಎತ್ತಿನಗಾಡಿ ಹೊಡೆದುಕೊಂಡು ಬರುತ್ತಾನೆ, ಅವನು ವಾಪಸ್ ಬಂದದ್ದಕ್ಕೇ ಅರ್ಲ್ ಜೀವ ಉಳಿಯೋದು.